ಬೆಟ್ಟದ ನಿಜವಾದ ನೆತ್ತಿ ಹುಡುಕಲು ಯಾವ ಲೇಸರ್ ದತ್ತಾಂಶ ಆರಿಸಿಕೊಳ್ಳಬೇಕು?

ಭೂಪಟದಲ್ಲಿ ಬೆಟ್ಟದ ಹೆಸರಿನ ಪಕ್ಕ ಅಚ್ಚಾಗಿರುವ ಎತ್ತರ ಅನೇಕ ಸಲ ಆ ಬೆಟ್ಟದ ಅತಿ ಎತ್ತರದ ಜಾಗದ್ದಲ್ಲ, ಸರ್ವೆಯವರು ಕಂಬ ನಿಲ್ಲಿಸಿದ ಜಾಗದ್ದು. ತ್ರಿಕೋನ ಸರ್ವೆಗೆ ಬೇಕಾಗಿದ್ದದ್ದು ಸುತ್ತಲಿನ ಬೆಟ್ಟಗಳು ಅಡ್ಡಿಯಿಲ್ಲದೆ ಕಾಣುವ ನೆಲೆ. ನಿಜವಾದ ನೆತ್ತಿ ಅಲ್ಲಿಂದ ನೂರು ಮೀಟರ್ ಆಚೆ, ಒಂದು ಮೀಟರ್ ಮೇಲೆ ಇದ್ದರೂ ಅವರ ಲೆಕ್ಕಕ್ಕೆ ಏನೂ ಬಾಧೆಯಿರಲಿಲ್ಲ. ಬೆಟ್ಟಗಳ ಪಟ್ಟಿ ಹಿಡಿದು ಒಂದೊಂದನ್ನೇ ಹತ್ತುವವರಿಗೆ ಮಾತ್ರ ಅದೇ ದೊಡ್ಡ ತಕರಾರು.

ಬ್ರಿಟನ್ನಿನಲ್ಲಿ ಈ ಹವ್ಯಾಸ ಜೋರು. ಸ್ಕಾಟ್ಲೆಂಡಿನ ಮನ್ರೋ ಪಟ್ಟಿ ಸೇರಲು ಬೆಟ್ಟ 3,000 ಅಡಿ, ಅಂದರೆ 914.4 ಮೀಟರ್ ಮುಟ್ಟಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗುಡ್ಡ ಪರ್ವತವಾಗುವ ರೂಢಿಯ ಗೆರೆ 2,000 ಅಡಿ, 609.6 ಮೀಟರ್. 2008ರಲ್ಲಿ ವೇಲ್ಸ್‌ನ ಮನಿದ್ ಗ್ರೈಗ್ ಗೋಖ್ 609.75 ಮೀಟರ್ ಎಂದು ಅಳತೆಯಾಗಿ ಬಡ್ತಿ ಪಡೆಯಿತು. 2012ರಲ್ಲಿ ಸ್ಕಾಟ್ಲೆಂಡಿನ ಬೆನ್ ಅ ಖ್ಲಾಯಿವ್ 913.96 ಮೀಟರ್ ಎಂದು ತಿಳಿದು ಮನ್ರೋ ಪಟ್ಟಿಯಿಂದ ಹೊರಬಿತ್ತು. ಇವೆಲ್ಲ ತುದಿಗೆ ಉಪಕರಣ ಹೊತ್ತೊಯ್ದು ಮಾಡಿದ ಅಳತೆಗಳು. 2015ರಲ್ಲಿ ಇಂಗ್ಲೆಂಡಿನ ಎನ್ವಿರಾನ್‌ಮೆಂಟ್ ಏಜೆನ್ಸಿ ತನ್ನ ವಿಮಾನ ಲೇಸರ್ ಸರ್ವೆಯನ್ನು, ಅಂದರೆ ಲೈಡಾರ್ ದತ್ತಾಂಶವನ್ನು, ಪುಕ್ಕಟೆ ಬಿಟ್ಟ ಮೇಲೆ ಆಟ ಬದಲಾಯಿತು. ಯಾವ ಗುಡ್ಡದ ಯಾವ ಮೂಲೆಗೆ ಹೋಗಿ ಅಳೆಯಬೇಕು ಎನ್ನುವುದನ್ನು ಈಗ ಮನೆಯಲ್ಲೇ ಕೂತು ತೀರ್ಮಾನಿಸಬಹುದು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗೂ ಇಂಥ ಪೋರ್ಟಲ್‌ಗಳಿವೆ. ಅಮೆರಿಕದಲ್ಲಿರುವವರಿಗೆ ಅಲ್ಲಿನ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ 3ಡಿಇಪಿ ಎಂಬ ಎತ್ತರ ದತ್ತಾಂಶ ಯೋಜನೆ ಇದೆ.

ಅವಸರದಲ್ಲಿರುವವರಿಗೆ ಉತ್ತರ ಇಷ್ಟು. ಹುಲ್ಲಿನ ಬೋಳುಗುಡ್ಡಕ್ಕೆ ಒಂದು ಮೀಟರಿನ ಡಿಟಿಎಂ, ಅಂದರೆ ಮರ–ಮನೆ ತೆಗೆದ ಬರೀ ನೆಲದ ಎತ್ತರದ ಜಾಲರಿ, ಸಾಕು. ಬಂಡೆಯ ತುದಿಗೆ ಡಿಟಿಎಂ ನಂಬಬೇಡಿ, ಲೇಸರ್ ತಾಗಿದ ಬಿಂದುಗಳ ಮೂಲ ಕಡತವಾದ ಪಾಯಿಂಟ್ ಕ್ಲೌಡನ್ನೇ ತೆರೆಯಿರಿ. ದಟ್ಟ ಕಾಡಿನ ತುದಿಗೆ ಎರಡೂ ಅರ್ಧ ಉತ್ತರವನ್ನೇ ಕೊಡುತ್ತವೆ. ಎರಡು ತುದಿಗಳ ನಡುವಿನ ವ್ಯತ್ಯಾಸ ಮೊಳದೊಳಗಿದ್ದರೆ ಯಾವ ಕಡತವೂ ತೀರ್ಪು ಕೊಡುವುದಿಲ್ಲ, ಮಟ್ಟ ನೋಡುವ ಲೆವೆಲ್ ಉಪಕರಣ ಹೊತ್ತುಕೊಂಡು ಹತ್ತಬೇಕು.

ಡಿಟಿಎಂ: ಮೊದಲು ತೆರೆಯುವುದು ಇದನ್ನೇ

ವಿಮಾನದಿಂದ ಬಿಟ್ಟ ಲೇಸರ್ ಮಿಡಿತ ಮರದ ಎಲೆಗೆ, ಕೊಂಬೆಗೆ, ಕೊನೆಗೆ ನೆಲಕ್ಕೆ ತಾಗಿ ಹಲವು ಪ್ರತಿಫಲನಗಳಾಗಿ ಮರಳುತ್ತದೆ. ನೆಲದ್ದೆಂದು ಗುರುತಿಸಿದ ಬಿಂದುಗಳನ್ನಷ್ಟೇ ಉಳಿಸಿಕೊಂಡು, ನಡುವಿನ ಖಾಲಿ ಜಾಗ ತುಂಬಿ, ಒಂದು ಮೀಟರ್ ಚೌಕಗಳ ಜಾಲರಿಯಾಗಿ ಮಾಡಿದ್ದು ಡಿಟಿಎಂ. ಹಾಗಾಗಿ ಅದರಲ್ಲಿರುವುದು ನೇರ ಅಳತೆಯಲ್ಲ, ಅಳತೆಯ ಮೇಲೆ ಒಂದು ಪ್ರೋಗ್ರಾಂ ಮಾಡಿದ ತೀರ್ಮಾನ. ಈ ಮಾತು ಮುಂದೆ ಹೆಜ್ಜೆಹೆಜ್ಜೆಗೂ ಬೇಕಾಗುತ್ತದೆ. ಏಜೆನ್ಸಿಯ ದತ್ತಾಂಶಕ್ಕೆ ಎತ್ತರದಲ್ಲಿ ±15 ಸೆಂ.ಮೀ. ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ದೋಷ ಎಂದು ಹೇಳಲಾಗುತ್ತದೆ. ಅಮೆರಿಕದ ಕ್ಯೂಎಲ್2 ಎಂಬ ಗುಣಮಟ್ಟದ ದರ್ಜೆಗೆ 10 ಸೆಂ.ಮೀ. ಮಿತಿ.

ಕೆಲಸ ಹೀಗೆ. ಬೆಟ್ಟದ ಜಿಯೋಟಿಫ್ ಟೈಲನ್ನು (ಜಾಲರಿಯ ಒಂದು ತುಂಡಿನ ಕಡತ) ಇಳಿಸಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆಯಿರಿ. ಭೂಪಟದ ತುದಿಯ ಸುತ್ತ ಮುನ್ನೂರು ಮೀಟರ್ ಬಿಟ್ಟು ಕತ್ತರಿಸಿಕೊಳ್ಳಿ. ಆ ತುಂಡಿನ ಗರಿಷ್ಠ ಬೆಲೆ ನೋಡಿ. ನಂತರ ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ, ಗರಿಷ್ಠಕ್ಕಿಂತ ಅರ್ಧ ಮೀಟರ್‌ವರೆಗೆ ಕಡಿಮೆ ಇರುವ ಎಲ್ಲ ಚೌಕಗಳನ್ನೂ ಬೇರೆ ಮಾಡಿ. ಒಂದೇ ಗುಂಪು ಸಿಕ್ಕಿದರೆ ನಿಮ್ಮ ಅದೃಷ್ಟ. ಮೂರ್ನಾಲ್ಕು ಗುಂಪು ಸಿಕ್ಕಿದರೆ ಅವೆಲ್ಲ ಉಮೇದುವಾರರು. ಬಣ್ಣದ ಪಟ್ಟಿಯನ್ನು ಮೇಲಿನ ಎರಡು ಮೀಟರಿಗಷ್ಟೇ ಹಿಗ್ಗಿಸಿ. ಇಡೀ ಬೆಟ್ಟಕ್ಕೆ ಬಣ್ಣ ಹಂಚಿದರೆ ನೆತ್ತಿಯೆಲ್ಲ ಒಂದೇ ಬಿಳುಪಾಗಿ ಕಂಡು ಏನೂ ತಿಳಿಯದು. ಅದರ ಮೇಲೆ 0.25 ಮೀಟರ್ ಅಂತರದ ಕಾಂಟೂರ್ (ಸಮಾನ ಎತ್ತರದ ಗೆರೆ) ಎಳೆಯಿರಿ, ಕೆಳಗೆ ಸೂರ್ಯನನ್ನು 20 ಡಿಗ್ರಿಗೆ ಇಳಿಸಿದ ಹಿಲ್‌ಶೇಡ್ (ನೆರಳು–ಬೆಳಕಿನ ಚಿತ್ರ) ಇಡಿ. ಇಳಿ ಬಿಸಿಲಲ್ಲಿ ಕಲ್ಲುಗೋಡೆ, ಗೋರಿದಿಬ್ಬ, ಕೋಟೆಯ ಒಡ್ಡು, ಟ್ರ್ಯಾಕ್ಟರಿನ ಗಾಲಿ ಗುರುತು ಎಲ್ಲ ಎದ್ದು ಕಾಣುತ್ತವೆ.

ಇಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಮೂರು ಕಡೆ. ಮೊದಲನೆಯದು ಗೋಡೆ: ಅಗಲವಾದ ಒಣಕಲ್ಲಿನ ಗೋಡೆಯನ್ನು ಪ್ರೋಗ್ರಾಂ ಪೂರ್ತಿ ಅಳಿಸದೆ ಮೊಣಕಾಲೆತ್ತರ ಬಿಟ್ಟಿರುತ್ತದೆ. ನೆತ್ತಿಯ ಮೇಲೆ ಗೋಡೆ ಹಾದುಹೋಗುವ ಗುಡ್ಡಗಳಲ್ಲಿ ಅತಿ ಎತ್ತರದ ಚೌಕ ಗೋಡೆಯ ಸಾಲಿನಲ್ಲೇ ಬಿದ್ದಿದ್ದರೆ ಅನುಮಾನಿಸಿ. ಎರಡನೆಯದು ಹೆದರ್ ಪೊದೆ ಮತ್ತು ದಪ್ಪ ಹುಲ್ಲುಗಡ್ಡೆ. ಲೇಸರ್ ಅದರ ಬುಡ ಮುಟ್ಟದೆ ಮೇಲಿಂದಲೇ ಮರಳಿದರೆ ನೆಲ 20–30 ಸೆಂ.ಮೀ. ಉಬ್ಬಿದಂತೆ ಕಾಣುತ್ತದೆ. ಪೀಟ್ ಮಣ್ಣಿನ ಚಪ್ಪಟೆ ನೆತ್ತಿಯಲ್ಲಿ, ಉದಾಹರಣೆಗೆ ಇಂಗ್ಲೆಂಡಿನ 636 ಮೀಟರಿನ ಕಿಂಡರ್ ಸ್ಕೌಟ್‌ನಂಥ ಕಡೆ, ಇಷ್ಟು ಉಬ್ಬೇ ನೆತ್ತಿಯನ್ನು ನೂರಾರು ಮೀಟರ್ ದೂರ ಎಸೆದುಬಿಡಬಲ್ಲದು. ಮೂರನೆಯದು ಹೊಲಿಗೆ. ಸಂಯೋಜಿತ ಪದರದಲ್ಲಿ ಬೇರೆಬೇರೆ ವರ್ಷಗಳ ಹಾರಾಟಗಳನ್ನು ಒಂದಕ್ಕೊಂದು ಜೋಡಿಸಿರುತ್ತಾರೆ. ಹಿಲ್‌ಶೇಡಿನಲ್ಲಿ ರೂಲರ್ ಇಟ್ಟು ಎಳೆದಂಥ ಸಣ್ಣ ಮೆಟ್ಟಿಲು ಕಂಡರೆ, ಅದರ ಎರಡು ಬದಿಯ ಎತ್ತರಗಳನ್ನು ಹೋಲಿಸುವಂತಿಲ್ಲ.

ಇನ್ನೊಂದನ್ನು ಜನ ತಾವೇ ಮಾಡಿಕೊಳ್ಳುತ್ತಾರೆ. ಜಾಲರಿಯನ್ನು ಅಕ್ಷಾಂಶ–ರೇಖಾಂಶಕ್ಕೆ ತಿರುಗಿಸುವಾಗ ಬೈಲೀನಿಯರ್ ಅಥವಾ ಕ್ಯೂಬಿಕ್ ಆಯ್ಕೆ ಒತ್ತಿದರೆ ನೆತ್ತಿಯ ಚೌಕ ಅಕ್ಕಪಕ್ಕದವುಗಳ ಜೊತೆ ಕಲಸಿಹೋಗುತ್ತದೆ. ಲೆಕ್ಕವನ್ನೆಲ್ಲ ಮೂಲ ಬ್ರಿಟಿಷ್ ನ್ಯಾಷನಲ್ ಗ್ರಿಡ್‌ನಲ್ಲೇ ಮುಗಿಸಿ, ಕೊನೆಗೆ ಬಿಂದುವನ್ನು ಮಾತ್ರ ತಿರುಗಿಸಿ. ಆಗಲೂ ಓಎಸ್‌ಟಿಎನ್15 ಎಂಬ ಸ್ಥಾನ ತಿದ್ದುಪಡಿಯ ಕಡತ ಹಾಕಿಕೊಂಡಿರಬೇಕು. ಅದಿಲ್ಲದೆ ಬರೀ ಸೂತ್ರದಿಂದ ತಿರುಗಿಸಿದರೆ ಜಾಗ ಕೆಲವು ಮೀಟರ್ ಸರಿಯುತ್ತದೆ, ಪಕ್ಕದ ಬಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತೀರಿ.

ಡಿಎಸ್‌ಎಂ

ಮರ, ಮನೆ, ಗೋಪುರ ಎಲ್ಲವನ್ನೂ ಇಟ್ಟುಕೊಂಡ ಜಾಲರಿ ಇದು. ನೆತ್ತಿ ಹುಡುಕಲು ಇದೊಂದನ್ನೇ ಬಳಸುವುದು ದಂಡ. ಆದರೆ ಡಿಎಸ್‌ಎಂನಿಂದ ಡಿಟಿಎಂ ಕಳೆದು ನೋಡುವುದು ಒಳ್ಳೆಯ ಅಭ್ಯಾಸ: ಉಳಿಯುವುದು ಪ್ರೋಗ್ರಾಂ ಕಿತ್ತುಹಾಕಿದ ವಸ್ತುಗಳ ಪಟ್ಟಿ. ಮರವಿಲ್ಲದ ತುದಿಯಲ್ಲಿ ಎರಡು ಮೂರು ಮೀಟರಿನ ಗಂಟು ಕಂಡರೆ ಅದು ಕಲ್ಲುಗುಪ್ಪೆ ಇರಬಹುದು, ಕಂಬ ಇರಬಹುದು, ಇಲ್ಲವೇ ನೀವು ಹುಡುಕುತ್ತಿರುವ ಬಂಡೆಯೇ ಇರಬಹುದು. ಮೂರನೆಯದಾದರೆ ಮುಂದಿನ ಭಾಗ ನಿಮಗೆ.

ಪಾಯಿಂಟ್ ಕ್ಲೌಡ್: ಬಂಡೆಬೆಟ್ಟಕ್ಕೆ ಬೇರೆ ದಾರಿಯಿಲ್ಲ

ನೆಲವನ್ನು ಬೇರ್ಪಡಿಸುವ ಪ್ರೋಗ್ರಾಂ ಮೊದಲು ತಗ್ಗಿನ ಬಿಂದುಗಳನ್ನು ಹಿಡಿದು ಒಂದು ಮೇಲ್ಮೈ ಕಟ್ಟುತ್ತದೆ. ಆಮೇಲೆ ಅದಕ್ಕೆ ಹೊಂದುವ ಬಿಂದುಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗುತ್ತದೆ. ಥಟ್ಟನೆ ಕಡಿದಾಗಿ ಮೇಲೆದ್ದದ್ದನ್ನೆಲ್ಲ ಮನೆಯೋ ಮರವೋ ಎಂದು ಬದಿಗೆ ಸರಿಸುತ್ತದೆ. ಊರು, ಹೊಲ, ನದಿಬಯಲಿಗೆ ಇದು ಸರಿಯಾದ ನಡೆ. ಪ್ರವಾಹದ ನಕ್ಷೆ ಮಾಡುವವರಿಗೆ ಬೇಕಾದದ್ದೂ ಅದೇ. ಆದರೆ ಗ್ರಾನೈಟ್ ಕೋಡುಗಲ್ಲು ಕೂಡ ಥಟ್ಟನೆಯೇ ಏಳುತ್ತದಲ್ಲ. ಇಂಗ್ಲೆಂಡಿನ ಡಾರ್ಟ್‌ಮೂರಿನಲ್ಲಿ ‘ಟಾರ್’ ಎನ್ನುವ ಬಂಡೆರಾಶಿಗಳು ಈ ಕತ್ತರಿಗೆ ಸಿಗುವ ಜಾತಿಯವು. ಅಲ್ಲಿ 621 ಮೀಟರಿನ ಹೈ ವಿಲ್‌ಹೇಸ್ ಮತ್ತು 619 ಮೀಟರಿನ ಯೆಸ್ ಟಾರ್ ಅಕ್ಕಪಕ್ಕದಲ್ಲಿವೆ. ನೋಡಲು ಗತ್ತಿನದು ಯೆಸ್ ಟಾರ್, ಎತ್ತರದ್ದು ಇನ್ನೊಂದು. ಇಂಥ ಜೋಡಿಯಲ್ಲಿ ಒಂದರ ಬಂಡೆ ಉಳಿದು ಇನ್ನೊಂದರದ್ದು ಕತ್ತರಿಸಿಹೋದರೆ ಡಿಟಿಎಂ ಹೇಳುವ ಕ್ರಮಕ್ಕೆ ಏನು ಬೆಲೆ?

ಪಾಯಿಂಟ್ ಕ್ಲೌಡಿನ ಲ್ಯಾಝ್ ಕಡತವನ್ನು ಕ್ಲೌಡ್‌ಕಂಪೇರ್ ತಂತ್ರಾಂಶದಲ್ಲಿ ತೆರೆಯಿರಿ. ಇತ್ತೀಚಿನ ಕ್ಯೂಜಿಐಎಸ್ ಕೂಡ ಆದೀತು. ಉಮೇದುವಾರ ಬಿಂದುವಿನ ಸುತ್ತ 20 ಮೀಟರ್ ತ್ರಿಜ್ಯ ಬಿಟ್ಟು ಉಳಿದದ್ದನ್ನು ಕತ್ತರಿಸಿ. ಬಣ್ಣವನ್ನು ವರ್ಗೀಕರಣದ ಸಂಖ್ಯೆಗೆ ಬದಲಿಸಿ: 2 ಎಂದರೆ ನೆಲ, 5 ಎತ್ತರದ ಗಿಡಮರ, 6 ಕಟ್ಟಡ, 7 ಮತ್ತು 18 ಗದ್ದಲ (ತಪ್ಪು ಬಿಂದುಗಳು), 1 ಎಂದರೆ ಯಾವ ವರ್ಗಕ್ಕೂ ಸೇರಿಸದ್ದು. ಈಗ ಅಡ್ಡಕೊಯ್ತ ತೆಗೆದು ಪಕ್ಕದಿಂದ ನೋಡಿ. ನೆಲದ ಬಣ್ಣದ ಗೆರೆ ಬಂಡೆಯ ಬುಡದಲ್ಲಿ ನಿಂತು, ಅದರ ಮೇಲೆ 1 ಅಥವಾ 6ರ ಬಿಂದುಗಳು ಟೋಪಿಯಂತೆ ಕೂತಿದ್ದರೆ, ಡಿಟಿಎಂ ನಿಮ್ಮ ನೆತ್ತಿಯ ತಲೆ ಹಾರಿಸಿದೆ ಎಂದರ್ಥ.

ಆ ಟೋಪಿ ಕಲ್ಲೋ ಗಿಡವೋ? ಇದಕ್ಕೆ ಎರಡು ಪರೀಕ್ಷೆಗಳಿವೆ. ಕಲ್ಲಿನಿಂದ ಪ್ರತಿ ಮಿಡಿತಕ್ಕೂ ಸಾಮಾನ್ಯವಾಗಿ ಒಂದೇ ಪ್ರತಿಫಲನ ಬರುತ್ತದೆ; ಗಿಡದಿಂದ ಎರಡು ಮೂರು. ಪ್ರತಿಫಲನಗಳ ಸಂಖ್ಯೆಗೆ ಬಣ್ಣ ಕೊಟ್ಟರೆ ತಿಳಿಯುತ್ತದೆ. ಎರಡನೆಯದು, ಹಾರಾಟದ ಸಾಲುಗಳು ಒಂದರ ಮೇಲೊಂದು ಬೀಳುವ ಕಡೆ, ಒಂದೇ ಜಾಗವನ್ನು ಎರಡು ಸಾಲುಗಳು ಮುಟ್ಟಿರುತ್ತವೆ. ಎರಡರ ಎತ್ತರವೂ ಐದಾರು ಸೆಂ.ಮೀ. ಒಳಗೆ ಕೂಡಿ ಬಂದರೆ ಅದು ಗಟ್ಟಿ ವಸ್ತು. ಚದುರಿದ್ದರೆ ಪೊದೆ, ಇಲ್ಲವೇ ಆ ಹೊತ್ತಿಗೆ ಅಲ್ಲಿ ನಿಂತಿದ್ದ ಚಾರಣಿಗ. ಒಂಟಿ ಬಿಂದುವೊಂದು ಗಾಳಿಯಲ್ಲಿ ಹತ್ತಾರು ಮೀಟರ್ ಮೇಲಿದ್ದರೆ ಹಕ್ಕಿ. ಅದನ್ನು ತೆಗೆದುಹಾಕದೆ ಗರಿಷ್ಠ ಬೆಲೆ ಕೇಳಿದರೆ ಬೆಟ್ಟ ರಾತ್ರೋರಾತ್ರಿ ಬೆಳೆದುಬಿಡುತ್ತದೆ.

ಪಾಯಿಂಟ್ ಕ್ಲೌಡಿಗೂ ಒಂದು ಮಿತಿ ಇದೆ. ಕ್ಯೂಎಲ್2 ಎಂದರೆ ಚದರ ಮೀಟರಿಗೆ ಕನಿಷ್ಠ 2 ಮಿಡಿತ, ಅಂದರೆ ಬಿಂದುಗಳ ನಡುವೆ ಸರಾಸರಿ 0.7 ಮೀಟರ್. ಕಲ್ಲಿನ ತುದಿ ಬೊಗಸೆಯಷ್ಟೇ ಇದ್ದರೆ ಯಾವ ಮಿಡಿತವೂ ಅದಕ್ಕೆ ತಾಗದೆ ಹೋಗಬಹುದು. ಹಾಗಾಗಿ ಚೂಪು ಬಂಡೆಗಳಲ್ಲಿ ಲೈಡಾರ್ ಹೇಳುವ ಎತ್ತರ ನಿಜಕ್ಕಿಂತ ತುಸು ಕಡಿಮೆ ಇರುವ ಸಂಭವವೇ ಹೆಚ್ಚು. ಚೂಪು ತುದಿಯನ್ನು ಮೊಂಡು ತುದಿಗೆ ಹೋಲಿಸುವಾಗ ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಪ್ರತಿ ಸಲವೂ ಮೊಂಡೇ ಗೆಲ್ಲುತ್ತದೆ.

ಎಷ್ಟು ವ್ಯತ್ಯಾಸವನ್ನು ವ್ಯತ್ಯಾಸ ಎನ್ನಬೇಕು

ಎರಡು ಬಿಂದುಗಳಿಗೂ ತಲಾ 15 ಸೆಂ.ಮೀ. ಸ್ವತಂತ್ರ ದೋಷವಿದ್ದರೆ, ಅವುಗಳ ವ್ಯತ್ಯಾಸದ ದೋಷ 15ಕ್ಕೆ ಎರಡರ ವರ್ಗಮೂಲ ಗುಣಿಸಿದಷ್ಟು, ಸುಮಾರು 21 ಸೆಂ.ಮೀ. ನೂರಕ್ಕೆ 95 ಭರವಸೆ ಬೇಕೆಂದರೆ ವ್ಯತ್ಯಾಸ 42 ಸೆಂ.ಮೀ. ದಾಟಿರಬೇಕು. ಒಂದೇ ಹಾರಾಟದ ಒಂದೇ ಸಾಲಿನಲ್ಲಿ, ಐವತ್ತು ಮೀಟರ್ ಅಂತರದಲ್ಲಿರುವ ಎರಡು ಬಿಂದುಗಳಾದರೆ ದೋಷದ ಬಹುಪಾಲು ಎರಡಕ್ಕೂ ಸಮಾನವಾಗಿದ್ದು ಕಳೆದುಹೋಗುತ್ತದೆ. ಅಲ್ಲಿ ಬೋಳು ನೆಲದ ಮೇಲೆ 15–20 ಸೆಂ.ಮೀ. ವ್ಯತ್ಯಾಸವನ್ನೂ ನಂಬಬಹುದು ಎನ್ನುವುದು ನಮ್ಮ ಅಭಿಪ್ರಾಯ. ಹುಲ್ಲು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಅದೂ ಬೇಡ.

ಕಾಡಿನ ತುದಿ

ಒತ್ತೊತ್ತಾಗಿ ನೆಟ್ಟ ಸ್ಪ್ರೂಸ್ ತೋಪಿನಲ್ಲಿ ನೆಲ ಮುಟ್ಟುವ ಮಿಡಿತಗಳು ಕಡಿಮೆ. ಉಳಿದ ಜಾಗವನ್ನು ಪ್ರೋಗ್ರಾಂ ತ್ರಿಕೋನಗಳಿಂದ ಮುಚ್ಚುತ್ತದೆ. ಹಿಲ್‌ಶೇಡಿನಲ್ಲಿ ನೆಲ ಹರಳು ಕೆತ್ತಿದಂತೆ ಮುಖಮುಖವಾಗಿ ಕಂಡರೆ ಅದೇ ಗುರುತು. ಆಗ 2ನೇ ವರ್ಗದ ಬಿಂದುಗಳನ್ನಷ್ಟೇ ಹಾಕಿ, ನೆತ್ತಿಯ ಹತ್ತು ಮೀಟರ್ ವ್ಯಾಪ್ತಿಯಲ್ಲಿ ಎಷ್ಟಿವೆ ಎಂದು ಎಣಿಸಿ. ಬೆರಳೆಣಿಕೆಯಷ್ಟಿದ್ದರೆ ಜಾಲರಿಯ ಗರಿಷ್ಠ ಚೌಕಕ್ಕೆ ಅರ್ಥವಿಲ್ಲ. ಹಳೆಯ ಹಾರಾಟದ ದತ್ತಾಂಶವಿದೆಯೇ ನೋಡಿ, ತೋಪು ಕಡಿದ ವರ್ಷದ್ದು ಸಿಕ್ಕರೆ ಕೆಲಸ ಮುಗಿಯಿತು. ಎಲೆ ಉದುರಿಸುವ ಮರಗಳಾದರೆ ಚಳಿಗಾಲದ ಹಾರಾಟವನ್ನು ಆರಿಸಿಕೊಳ್ಳಿ. ನಮ್ಮ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಶೋಲಾಗಳಿಗೆ ಆ ಸೌಲಭ್ಯವೂ ಇಲ್ಲ.

ಮನುಷ್ಯ ಕಟ್ಟಿದ್ದು

ಇದು ದತ್ತಾಂಶದ ಪ್ರಶ್ನೆಯಲ್ಲ, ನಿಯಮದ ಪ್ರಶ್ನೆ. ಮೊದಲೇ ತೀರ್ಮಾನಿಸಿಕೊಳ್ಳದಿದ್ದರೆ ಲೆಕ್ಕ ಮುಗಿದ ಮೇಲೆ ಜಗಳ. ಇಂಗ್ಲೆಂಡಿನ ಲೀತ್ ಹಿಲ್ 294 ಮೀಟರ್. 18ನೇ ಶತಮಾನದಲ್ಲಿ ಅದರ ಮೇಲೆ ಕಟ್ಟಿದ ಗೋಪುರದ ತುದಿ ಸಾವಿರ ಅಡಿ ದಾಟುತ್ತದೆ. ಗೋಪುರ, ಕಲ್ಲುಗುಪ್ಪೆ, ಸರ್ವೆ ಕಂಬಗಳನ್ನು ಬಿಡುವುದರಲ್ಲಿ ಯಾರಿಗೂ ತಕರಾರಿಲ್ಲ. ಸಾವಿರಾರು ವರ್ಷ ಹಳೆಯ, ಹುಲ್ಲು ಮುಚ್ಚಿದ ಗೋರಿದಿಬ್ಬವನ್ನು ಏನು ಮಾಡುತ್ತೀರಿ? ಕಲ್ಲುಗಣಿ ತುದಿಯನ್ನೇ ತಿಂದಿದ್ದರೆ? ನಮ್ಮ ಸಲಹೆ ಇಷ್ಟೇ: ಎರಡು ಎತ್ತರಗಳನ್ನೂ ಬರೆಯಿರಿ, ಇಂದಿನ ನೆಲದ್ದು ಒಂದು, ಕಟ್ಟಿದ್ದನ್ನು ಬಿಟ್ಟ ಸಹಜ ನೆಲದ್ದು ಇನ್ನೊಂದು. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ದೇವಸ್ಥಾನವಿದೆ. ಅಲ್ಲಿ ಅಂಗಳದ ಚಪ್ಪಡಿ ಯಾವುದು, ಹುಟ್ಟುಬಂಡೆ ಯಾವುದು ಎಂದು ಮೇಲಿಂದ ಹಾರುವ ಲೇಸರ್ ಹೇಳಲಾರದು, ಕಾಲಿನಡಿ ನೋಡಿಯೇ ತಿಳಿಯಬೇಕು.

ಸೊನ್ನೆ ಎಲ್ಲಿದೆ

ಕಡತ ಯಾವ ಸಮುದ್ರಮಟ್ಟದಿಂದ ಅಳೆದಿದೆ ಎಂದು ನೋಡದೆ ಎರಡು ಮೂಲಗಳನ್ನು ಹೋಲಿಸಬೇಡಿ. ಜಿಪಿಎಸ್ ರಿಸೀವರ್ ಲೆಕ್ಕ ಹಾಕುವುದು ಎಲಿಪ್ಸಾಯ್ಡ್ ಎಂಬ ಗಣಿತದ ಮೇಲ್ಮೈಯಿಂದ. ಭೂಪಟ ಬಳಸುವುದು ಗುರುತ್ವಕ್ಕೆ ತಕ್ಕಂತೆ ಏರಿಳಿಯುವ ಜಿಯಾಯ್ಡ್ ಎಂಬ ಮೇಲ್ಮೈ ಆಧಾರದ ಸಮುದ್ರಮಟ್ಟವನ್ನು. ಬ್ರಿಟನ್ನಿನಲ್ಲಿ ಎಲಿಪ್ಸಾಯ್ಡ್ ಎತ್ತರ ಸುಮಾರು 50 ಮೀಟರ್ ಹೆಚ್ಚು ತೋರಿಸುತ್ತದೆ. ಬೆಂಗಳೂರಿನ ಸುತ್ತ ಅದು ತಿರುಗಾಮುರುಗ: ಸುಮಾರು 86 ಮೀಟರ್ ಕಡಿಮೆ. ಕಚ್ಚಾ ಜಿಪಿಎಸ್ ಎತ್ತರ ನೋಡಿ ಬೆಟ್ಟ ಕುಗ್ಗಿತೆಂದು ಗಾಬರಿಯಾಗುವವರಿಗೆ ಇದೇ ಕಾರಣ.

ಜಿಯಾಯ್ಡ್ ಮಾದರಿಯೂ ಕಾಲಕಾಲಕ್ಕೆ ಪರಿಷ್ಕಾರವಾಗುತ್ತದೆ. ಇಂಗ್ಲೆಂಡಿನ ಕಂಬ್ರಿಯಾದ ಕಾಫ್ ಟಾಪ್ 2010ರ ಅಳತೆಯಲ್ಲಿ 609.58 ಮೀಟರ್ ಬಂದು ಎರಡು ಸೆಂ.ಮೀ.ಗಳಿಂದ ಪರ್ವತ ಪದವಿ ತಪ್ಪಿಸಿಕೊಂಡಿತ್ತು. ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆ ತನ್ನ ಮಾದರಿ ತಿದ್ದಿದ ಮೇಲೆ 2016ರಲ್ಲಿ ಅದು 609.606 ಮೀಟರ್ ಎಂದು ಘೋಷಣೆಯಾಯಿತು. ಬೆಟ್ಟ ಇದ್ದಲ್ಲೇ ಇತ್ತು, ಆರು ಮಿಲಿಮೀಟರ್ ಹೆಚ್ಚಾಗಿ ಪರ್ವತವಾಯಿತು.

ಕರ್ನಾಟಕದ ಬೆಟ್ಟಗಳಿಗೆ ಏನಿದೆ

ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳುವ, ಇಡೀ ರಾಜ್ಯ ಹೊದಿಸುವ ಒಂದು ಮೀಟರಿನ ಲೇಸರ್ ಪದರ ನಮಗಿಲ್ಲ. ಇರುವುದು ಉಪಗ್ರಹದ 30 ಮೀಟರ್ ಜಾಲರಿಗಳು. ಇಸ್ರೋದ ಭುವನ್ ಪೋರ್ಟಲಿನಲ್ಲಿ ಕಾರ್ಟೋಸ್ಯಾಟ್-1ರ ಜೋಡಿಚಿತ್ರಗಳಿಂದ ಮಾಡಿದ ಕಾರ್ಟೋಡೆಮ್ ಸಿಗುತ್ತದೆ. ಜರ್ಮನಿಯ ಟ್ಯಾಂಡೆಮ್-ಎಕ್ಸ್ ರೇಡಾರಿನಿಂದ ಬಂದ ಕೋಪರ್ನಿಕಸ್ ಜಿಎಲ್‌ಒ-30 ಇದೆ. 2000ನೇ ಇಸವಿಯ ಹಳೆಯ ಎಸ್‌ಆರ್‌ಟಿಎಂ ರೇಡಾರ್ ಜಾಲರಿ ಇದೆ. ಮೂರರಲ್ಲಿ ಒಂದು ಆರಿಸಿ ಎಂದರೆ ಕೋಪರ್ನಿಕಸ್. ಆದರೆ ಅದರಿಂದ ನೆತ್ತಿಯನ್ನು ಖಚಿತಪಡಿಸಲು ಹೋಗಬೇಡಿ. ಎಲ್ಲ ಕಡೆ 30 ಡಿಗ್ರಿ ಇಳಿಜಾರಿರುವ ಶಂಕುವಿನಾಕಾರದ ತುದಿಯ ಮೇಲೆ 30 ಮೀಟರಿನ ಚೌಕವನ್ನು ನಡುಮಧ್ಯೆ ಇಟ್ಟರೂ ಅದರ ಸರಾಸರಿ ಎತ್ತರ ತುದಿಗಿಂತ ಸುಮಾರು ಆರೂವರೆ ಮೀಟರ್ ಕೆಳಗೆ ಬರುತ್ತದೆ. ಚೌಕ ತುಸು ಪಕ್ಕಕ್ಕೆ ಸರಿದರೆ ಇನ್ನೂ ಕೆಳಗೆ. ಮರಗಳ ತಲೆಯೂ ಇದರಲ್ಲಿ ಸೇರಿಕೊಂಡಿರುತ್ತದೆ. ಕುದುರೆಮುಖದಂಥ ಹುಲ್ಲುಗಾವಲಿನ ಏಣಿನಲ್ಲಿ ಯಾವ ಉಬ್ಬುಗಳನ್ನು ಹೋಗಿ ನೋಡಬೇಕು ಎಂದು ಗುರುತಿಸಲು ಇದು ಸಾಕು. ಸಾವನದುರ್ಗದಂಥ ಬಂಡೆಯ ಮೇಲೆ ಯಾವ ಗುಂಡು ಎತ್ತರ ಎನ್ನುವುದಕ್ಕೆ ಏನೇನೂ ಸಾಲದು.

ಬಾಹ್ಯಾಕಾಶದಿಂದ ಬರುವ ಲೇಸರ್ ಮಾತ್ರ ನಮಗೂ ಪುಕ್ಕಟೆ ಸಿಗುತ್ತದೆ. ನಾಸಾದ ಜೆಡಿ ಉಪಕರಣದ ಪ್ರತಿ ಮಿಡಿತ 25 ಮೀಟರ್ ಅಗಲದ ವೃತ್ತ, ಒಂದೊಂದರ ನಡುವೆ 60 ಮೀಟರ್. 30 ಡಿಗ್ರಿ ಇಳಿಜಾರಿನಲ್ಲಿ ಆ ವೃತ್ತದೊಳಗೇ 14 ಮೀಟರ್ ಏರಿಳಿತ ತುಂಬಿರುತ್ತದೆ, ಹಾಗಾಗಿ ಚೂಪು ತುದಿಗೆ ಬೇಡ. 2018ರಲ್ಲಿ ಹಾರಿಸಿದ ಐಸ್‌ಸ್ಯಾಟ್-2 ತನ್ನ ಪಥದಲ್ಲಿ 0.7 ಮೀಟರಿಗೊಂದು ಮಿಡಿತ ಬಿಡುತ್ತದೆ. ನಿಮ್ಮ ಬೆಟ್ಟ ಆ ಪಥದ ಕೆಳಗೇ ಇದ್ದರೆ, ಬೋಳು ನೆತ್ತಿಯಾಗಿದ್ದರೆ, ಒಳ್ಳೆಯ ತಾಳೆ ಸಿಗುತ್ತದೆ. ಪಥಗಳ ನಡುವೆ ಕಿಲೋಮೀಟರುಗಟ್ಟಲೆ ಖಾಲಿ ಇರುವುದರಿಂದ ಇದನ್ನೇ ನೆಚ್ಚಿಕೊಂಡು ಕೂರುವ ಹಾಗಿಲ್ಲ.

ಬೆಟ್ಟದ ಮೇಲೆ ತೀರ್ಮಾನ

ಎರಡು ಗುಂಡುಗಳು ಹತ್ತು ಹದಿನೈದು ಮೀಟರ್ ಅಂತರದಲ್ಲಿದ್ದರೆ ಮನೆ ಕಟ್ಟುವ ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪಿಗಿಂತ ಅಗ್ಗದ, ನಂಬಿಕಸ್ಥ ಸಾಧನವಿಲ್ಲ. ಎರಡು ತುದಿಯಲ್ಲೂ ಇಬ್ಬರು ಪೈಪನ್ನು ಕೋಲಿಗೆ ಕಟ್ಟಿ ನಿಂತು, ನೀರು ನಿಂತ ಗೆರೆಯಿಂದ ಬಂಡೆಯ ನೆತ್ತಿಗೆ ಟೇಪ್ ಹಿಡಿದರೆ ಸೆಂಟಿಮೀಟರಿನ ಒಳಗೆ ಉತ್ತರ ಸಿಗುತ್ತದೆ. ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಪೈಪಿನ ನಡುವೆ ಗಾಳಿಗುಳ್ಳೆ. ತುಂಬಿದ ಮೇಲೆ ಎರಡೂ ಬಾಯಿಗಳನ್ನು ಅಕ್ಕಪಕ್ಕ ಹಿಡಿದು ನೀರು ಸಮ ನಿಲ್ಲುತ್ತದೆಯೇ ನೋಡಿ, ಆಮೇಲೆ ಎಳೆಯಿರಿ. ಅರ್ಧ ಪೈಪು ಬಿಸಿಲಲ್ಲಿ, ಅರ್ಧ ನೆರಳಲ್ಲಿ ಬಿದ್ದಿರದಂತೆಯೂ ನೋಡಿಕೊಳ್ಳಿ.

ಅದಕ್ಕಿಂತ ದೂರವಾದರೆ ಆಟೋ ಲೆವೆಲ್ (ಸಮಮಟ್ಟದಲ್ಲಿ ಗುರಿ ಹಿಡಿಯುವ ದೂರದರ್ಶಕ) ಮತ್ತು ಸ್ಟಾಫ್ (ಅಳತೆಗೋಲು). ಉಪಕರಣವನ್ನು ಎರಡು ತುದಿಗಳ ನಡುವೆ, ಎರಡಕ್ಕೂ ಸಮದೂರದಲ್ಲಿ ನಿಲ್ಲಿಸಿದರೆ ಅದರ ಓರೆಯೂ ಭೂಮಿಯ ಬಾಗುವಿಕೆಯೂ ಎರಡು ಕಡೆ ಒಂದೇ ಆಗಿ ಕಳೆದುಹೋಗುತ್ತವೆ. ನೂರು ಮೀಟರಿಗೆ ಬಾಗುವಿಕೆ ಮಿಲಿಮೀಟರಿಗಿಂತ ಕಡಿಮೆ, ಆದರೆ ಒಂದು ಕಿಲೋಮೀಟರಿಗೆ ಸುಮಾರು 8 ಸೆಂ.ಮೀ. ಹಾಗಾಗಿ ಎದುರು ಬೆಟ್ಟಕ್ಕೆ ಗುರಿ ಹಿಡಿದು ‘ಅದಕ್ಕಿಂತ ಇದೇ ಎತ್ತರ’ ಎನ್ನುವವರು ಮೊದಲು ಆ ಲೆಕ್ಕ ಕಳೆಯಲಿ. ಸಮುದ್ರಮಟ್ಟದಿಂದ ನಿಖರ ಎತ್ತರವೇ ಬೇಕೆಂದರೆ ಎರಡು ಆವರ್ತನದ ಜಿಎನ್‌ಎಸ್‌ಎಸ್ (ಜಿಪಿಎಸ್‌ನಂಥ ಉಪಗ್ರಹ ಜಾಲಗಳ) ರಿಸೀವರನ್ನು ನೆತ್ತಿಯಲ್ಲಿ ಒಂದೆರಡು ಗಂಟೆ ಅಲುಗಾಡದಂತೆ ಇಟ್ಟು, ಸರ್ವೆ ಆಫ್ ಇಂಡಿಯಾದ ಕಾರ್ಸ್ ಎಂಬ ಕಾಯಂ ರಿಸೀವರ್ ಕೇಂದ್ರಗಳ ಜಾಲದ ಜೊತೆ ತಾಳೆ ಹಾಕಿಸಬೇಕು. ಮೊಬೈಲಿನ ಜಿಪಿಎಸ್ ಯಾವ ಬಂಡೆಯ ಹತ್ತಿರ ನಿಂತಿದ್ದೀರಿ ಎಂದು ಹೇಳಿದರೆ ಅದೇ ಹೆಚ್ಚು.

ಸಿಕ್ಕಿದ್ದನ್ನು ಬರೆದಿಡುವಾಗ ಎತ್ತರದ ಜೊತೆ ಇಷ್ಟನ್ನು ಬಿಡಬೇಡಿ: ಯಾವ ಕಡತ, ಹಾರಾಟದ ವರ್ಷ, ಡಿಟಿಎಂ ಚೌಕವೋ ಪಾಯಿಂಟ್ ಕ್ಲೌಡಿನ ಬಿಂದುವೋ, ಬಿಂದುವಾದರೆ ಅದರ ವರ್ಗ, ಯಾವ ಜಿಯಾಯ್ಡ್, ಯಾವ ಗ್ರಿಡ್. ನೆಲದ ಗುರುತನ್ನೂ ಮಾತಿನಲ್ಲಿ ಸೇರಿಸಿ, ‘ಕಂಬದಿಂದ ಈಶಾನ್ಯಕ್ಕೆ 40 ಮೀಟರ್, ಬಿರುಕಿರುವ ಚಪ್ಪಟೆ ಬಂಡೆ’ ಎಂಬಂತೆ. ಮಂಜು ಮುಸುಕಿದ ದಿನ ಹತ್ತುವವರು ಅಂಕಿಗಿಂತ ಮೊದಲು ಹುಡುಕುವುದು ಆ ಬಿರುಕನ್ನು.